ನಮ್ಮ ಮನೆಯ 'ಬಾರೋ'

ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಸೊಪ್ಪು ಮಾರುವ ಹೆಂಗಸು ದಂಟಿನ ಕಟ್ಟು ನನ್ನ ಚೀಲಕ್ಕೆ ಹಾಕುತ್ತಾ, "ಮಗಳ ಮಂಡಿ ಹೆಂಗೈತಕ್ಕಾ? ಊತ ಇಳೀತಾ?" ಎಂದು ಕೇಳಿದಳು. ನಾನು ಬೆಪ್ಪಾಗಿ ನಿಂತೆ. ಮಗಳ ಮಂಡಿ ತರಚಿದ್ದು ಹಿಂದಿನ ಸಂಜೆ. ಶಾಲೆಯಲ್ಲಿ ನನ್ನ ಸಹೋದ್ಯೋಗಿಗಳಿಗೇ ಗೊತ್ತಿರಲಿಲ್ಲ, ನನ್ನ ತಾಯಿಗೂ ಹೇಳಿರಲಿಲ್ಲ.

"ಯಾರು ಹೇಳಿದ್ರು ನಿಂಗೆ?"

"ಅಣ್ಣ ಹಾಕಿದ್ರಲ್ಲ ಫೋನಲ್ಲಿ! ಅರಿಶಿನ ಹಚ್ಚೋವಾಗ ಹೆಂಗೆ ಕಿರುಚ್ಕೊಂತು ಮಗ, ಪಾಪ. ನಂಗೇ ಅಳು ಬಂತು."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಕೇಳಿದ್ದು, ಮೇಲೆ ಒಂದು ಹಿಡಿ ಕೊತ್ತಂಬರಿಯನ್ನೂ ಕೊಟ್ಟಳು. ನನಗೆ ಮೈಯೆಲ್ಲ ಉರಿದದ್ದು ನನ್ನ ಗಂಡನ ಮೇಲೆ. ನಮ್ಮ ಬಚ್ಚಲಮನೆಯ ಬಾಗಿಲಲ್ಲಿ ಕೂತು ಅತ್ತ ಮಗುವಿನ ಅಳು ನನಗಿಂತ ಮುಂಚೆ ಮಾರ್ಕೆಟ್ಟಿಗೆ ಬಂದು ಕೂತಿತ್ತು.

ನಮ್ಮದು ಕುಮಾರಸ್ವಾಮಿ ಲೇಔಟ್. ಕೆಳಗೆ ನನ್ನ ಗಂಡನ ಎಲೆಕ್ಟ್ರಿಕಲ್ ಅಂಗಡಿ, ಮೇಲೆ ನಾವು, ಇನ್ನೂ ಮೇಲೆ ಬಾಡಿಗೆಯವರು. ಲೇಔಟ್ ಆಗುವ ಮುಂಚೆ ಇಲ್ಲೆಲ್ಲ ಅವರ ಮನೆತನದ ರಾಗಿ ಹೊಲವಿತ್ತಂತೆ. ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದ ಕಣದಲ್ಲಿ ಹುಡುಗರೆಲ್ಲ ಖೋ ಖೋ ಆಡುತ್ತಿದ್ದರಂತೆ. "ಈ ಕೌಂಟರ್ ಇದೆಯಲ್ಲ ಸಾರ್, ಕರೆಕ್ಟಾಗಿ ಇಲ್ಲೇ ನಮ್ಮ ಖೋ ಖೋ ಕಂಬ ಇದ್ದಿದ್ದು" ಎಂದು ಸ್ವಿಚ್ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಾರೆ. ಬಂದವರು ಪಾಪ, ಹೌದಾ ಎಂದು ನೆಲ ನೋಡುತ್ತಾರೆ.

ಹೀಗಾಗಿ ಮಗಳು ಐದನೇ ಕ್ಲಾಸಿನಲ್ಲಿ ಶಾಲೆಯ ಖೋ ಖೋ ಟೀಮಿಗೆ ಸೇರಿದಾಗ ಈ ಮನುಷ್ಯನಿಗೆ ಸ್ವರ್ಗ ಮೂರೇ ಗೇಣು. ಬೆಳಗ್ಗೆ ಅವಳಿಗಿಂತ ಮುಂಚೆ ಎದ್ದು ಶೂ ಒರೆಸಿಡುವುದು, ಸ್ಕೂಟರಿನಲ್ಲಿ ಗ್ರೌಂಡಿಗೆ ಕರೆದುಕೊಂಡು ಹೋಗುವುದು, ಅವಳು ಓಡಿದಷ್ಟೂ ಹೊತ್ತು ಗೆರೆಯಾಚೆ ತಾವೂ ಓಡುವುದು. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು. ಆಮೇಲೆ ಯಾರೋ ಗಿರಾಕಿ, "ಅಣ್ಣ, ಮಗಳು ಸಖತ್ತಾಗಿ ಆಡ್ತಾಳೆ, ಒಂದು ಪೇಜ್ ಮಾಡಿ" ಎಂದು ಹೇಳಿ, ತಾನೇ ಮಾಡಿಯೂ ಕೊಟ್ಟು ಹೋದ. ಆ ಪುಣ್ಯಾತ್ಮ ಮತ್ತೆ ನಮ್ಮ ಅಂಗಡಿಯ ಕಡೆ ಸುಳಿಯಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಆದರೆ ಹೆಗ್ಗಣ ಉಣ್ಣುವುದು, ಮಲಗುವುದು, ಹಲ್ಲು ತೋರಿಸುವುದು ಎಲ್ಲವನ್ನೂ ಊರಿಗೆ ತೋರಿಸಬೇಕೇ? ಮಗಳು ಮುದ್ದೆ ನುಂಗುವುದು ಒಂದು ವಿಡಿಯೋ. ಬಾಯಿ ತೆರೆದುಕೊಂಡು ಸೋಫಾದ ಮೇಲೆ ನಿದ್ದೆ ಹೋದದ್ದು ಒಂದು, ಅದಕ್ಕೆ 'ದಣಿದ ಸಿಂಹ' ಎಂದು ತಲೆಬರಹ. ಕೋಚ್ ಬೈದದ್ದು ಒಂದು. ಗಣಿತದಲ್ಲಿ ಕಡಿಮೆ ಬಂದದ್ದು ಒಂದು, 'ಮಾರ್ಕ್ಸ್ ಮುಖ್ಯ ಅಲ್ಲ ಫ್ರೆಂಡ್ಸ್' ಎಂಬ ಉಪದೇಶದ ಜೊತೆಗೆ. ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲದ ಮಾರ್ಕ್ಸು ಆ ಸಂಜೆ ಎಲ್ಲರಿಗೂ ಗೊತ್ತಾಯಿತು.

ಒಮ್ಮೆ ಅವಳು ಗೆದ್ದು ಬಂದ ದಿನ ನಮ್ಮ ಅತ್ತೆ ಅವಳನ್ನು ಹೊಸಿಲ ಮುಂದೆ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. "ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು..." ಎಂದು ಹೇಳುತ್ತಾ ತಿರುಗಿ ನೋಡಿದರೆ ಮಗ ಫೋನು ಹಿಡಿದು ನಿಂತಿದ್ದಾರೆ. ದೃಷ್ಟಿ ತೆಗೆಯುವುದನ್ನೇ ಊರಿಗೆಲ್ಲ ತೋರಿಸುತ್ತಿದ್ದಾರೆ! ಅತ್ತೆ ಮೆಣಸಿನಕಾಯಿಯ ಮುಷ್ಟಿಯನ್ನು ಮಗನ ಮುಖದ ಮುಂದೆಯೇ ಆಡಿಸಿದರು.

"ಊರ ಕಣ್ಣೆಲ್ಲ ನೀನೇ ಕರ್ಕೊಂಡ್ ಬರ್ತೀಯ, ನಾನು ಎಷ್ಟು ಅಂತ ಸುಡ್ಲೋ? ಮೆಣಸಿನಕಾಯಿ ನೀನು ತಂದ್ಕೊಡ್ತೀಯಾ?"

ಅದನ್ನೂ ಹಾಕಿದರು. ಅತ್ತೆಯ ಬೈಗುಳಕ್ಕೆ ಸಿಕ್ಕಿದಷ್ಟು ಹೃದಯದ ಗುರುತು ಮಗಳ ಆಟಕ್ಕೂ ಸಿಕ್ಕಿರಲಿಲ್ಲ.

ನಾನು ಹೇಳಿದ್ದು ಗೋಡೆಗೆ ಹೇಳಿದ ಹಾಗೆ. "ಅವಳನ್ನ ಒಂದು ಮಾತು ಕೇಳಿ ಹಾಕಿ" ಎಂದರೆ, "ನನ್ನ ಮಗಳ ವಿಷಯ ನಾನು ಹಾಕೋಕೆ ಯಾರನ್ನ ಕೇಳ್ಬೇಕೇ?" ಎನ್ನುತ್ತಿದ್ದರು. "ಅವಳನ್ನೇ!" ಎಂದು ನಾನು ಕೂಗಿದರೆ ನಗುತ್ತಿದ್ದರು. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ಅವರು ಕೆಟ್ಟವರಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಿರುವ ಕಂದು ಬಣ್ಣದ ಬೀದಿನಾಯಿಗೂ ಬೆಳಗ್ಗೆ ಬ್ರೆಡ್ಡು ಹಾಕದೆ ಶಟರ್ ಎತ್ತುವವರಲ್ಲ.

ಇನ್ನು ನಮ್ಮ ಮನೆಯ ಒಂದು ಮಾತಿನ ವಿಷಯ ಹೇಳಬೇಕು. ಇಷ್ಟೆಲ್ಲ ಬರೆಯಲು ಕೂತದ್ದೇ ಆ ಮಾತಿಗಾಗಿ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆದಿದೆ. ಗಂಡಿಗೆ ಬಾರೋ, ಹೆಣ್ಣಿಗೆ ಬಾರೇ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಮುದ್ದಿನ ಹೆಣ್ಣುಮಕ್ಕಳನ್ನು ಬಾರೋ ಎಂದೇ ಕರೆಯುತ್ತಾರೆ. 'ಊಟ ಮಾಡೋ', 'ಯಾಕೋ ಕಂದ', 'ಬಾರೋ ಮಗನೇ'. ಹೀಗೇ ಯಾಕೆ ಎಂದು ಯಾವ ವ್ಯಾಕರಣದ ಪುಸ್ತಕವೂ ಹೇಳುವುದಿಲ್ಲ. ಗಂಡುಮಗ ಆಗಲಿಲ್ಲ ಎಂಬ ಹಳೆಯ ಕೊರಗು ಆ 'ಓ'ಕಾರದಲ್ಲಿ ಅಡಗಿದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದ ಮಾಡುತ್ತಾರೆ. ಇರಬಹುದು. ನನ್ನ ಕಿವಿಗೆ ಮಾತ್ರ ಅದು ಬೆಣ್ಣೆಯ ಹಾಗೆ ಕೇಳಿಸುತ್ತದೆ, ನನ್ನ ಅಪ್ಪನೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ 'ಬಾರೇ' ಅನ್ನುವುದು ನನಗೆ. ಮಗಳಿಗೆ ಅದು ಬೈಗುಳದ ದಿನ ಮಾತ್ರ. ಅಪ್ಪನ ಬಾಯಲ್ಲಿ 'ಬಾರೇ ಇಲ್ಲಿ' ಎಂದು ಬಂದರೆ ಏನೋ ಒಡೆದಿದ್ದೇನೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಏಳನೇ ಕ್ಲಾಸಿನಲ್ಲಿ ಅವಳು ಕೂದಲು ಕತ್ತರಿಸಿಕೊಂಡಳು. ಓಡುವಾಗ ಜಡೆ ಹಿಂದೆ ಎಳೆಯುತ್ತದೆ ಎಂದು ಅವಳದೇ ತೀರ್ಮಾನ. ಅದೇ ವರ್ಷ ಜಯನಗರದ ಗ್ರೌಂಡಿನಲ್ಲಿ ಅವರ ಟೀಮು ಸೆಮಿಫೈನಲ್ಲಿನಲ್ಲಿ ಸೋತಿತು. ಅವಳು ನೀರಿನ ಟ್ಯಾಂಕಿನ ಹಿಂದೆ ಹೋಗಿ, ಯಾರಿಗೂ ಕಾಣದ ಹಾಗೆ ಮಂಡಿಯಲ್ಲಿ ಮುಖ ಹುದುಗಿಸಿ ಅತ್ತಳು. ಕಾಣದಿರಲಿ ಎಂದೇ ಅಲ್ಲಿಗೆ ಹೋದದ್ದು. ಅಪ್ಪ ಹುಡುಕಿಕೊಂಡು ಹೋದರು. ಒಂದು ಕೈ ಅವಳ ತಲೆಯ ಮೇಲೆ, ಇನ್ನೊಂದು ಕೈಯಲ್ಲಿ ಫೋನು.

"ಅಳಬಾರ್ದು ಕಣೋ. ನನ್ನ ಗಂಡುಮಗ ಕಣೋ ನೀನು. ಏಳೋ. ಏಳೋ ಮಗನೇ, ಬಾರೋ."

ಅವಳು ಮೂಗು ಒರೆಸಿಕೊಂಡು ಎದ್ದಳು. ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಅದು ಎಷ್ಟು ಜನರಿಗೆ ಹೋಯಿತೋ ದೇವರೇ ಬಲ್ಲ. 'ಇಂಥ ಅಪ್ಪ ಎಲ್ಲರಿಗೂ ಸಿಗಲಿ' ಎಂದವರು ಬಹಳ. ನನ್ನ ಗಂಡ ಗಿರಾಕಿಗಳನ್ನು ಕಾಯಿಸಿ ಅವನ್ನೆಲ್ಲ ಓದಿದರು. ಆದರೆ ಬೇರೆ ಕಡೆಯ ಕನ್ನಡದವರಿಗೆ ನಮ್ಮ 'ಬಾರೋ' ಎಲ್ಲಿ ಅರ್ಥವಾಗಬೇಕು? 'ಇದು ಹುಡುಗನೋ ಹುಡುಗಿಯೋ?' ಎಂದು ಒಬ್ಬ ಶುರು ಮಾಡಿದ. 'ಅಪ್ಪನೇ ಗಂಡುಮಗ ಅಂತಿದಾನಲ್ಲ ಗುರು' ಎಂದು ಇನ್ನೊಬ್ಬ. 'ಹುಡುಗನ್ನ ಹುಡುಗೀರ ಟೀಮಲ್ಲಿ ಆಡಿಸಿದ್ರೂ ಸೋತ್ರಲ್ಲ' ಎಂದು ಮೂರನೆಯವನು. ಅದರ ಕೆಳಗೆ ನಗುವ ಮುಖಗಳ ಸಾಲು.

ಮಗಳು ಅದನ್ನೆಲ್ಲ ಓದಿದ್ದು ಶಾಲೆಯಲ್ಲಿ, ಗೆಳತಿಯ ಅಕ್ಕನ ಫೋನಿನಲ್ಲಿ. ಮನೆಗೆ ಬಂದವಳು ಬ್ಯಾಗು ಕೂಡ ಇಳಿಸದೆ ನೇರ ಅಂಗಡಿಗೆ ಹೋಗಿ ನಿಂತಳು. ನಾನು ಮೆಟ್ಟಿಲ ಮೇಲಿದ್ದೆ.

"ಅಪ್ಪ, ಅದನ್ನ ತೆಗಿ."

"ಯಾಕೋ? ಜನ ಎಷ್ಟು ಪ್ರೀತಿ ತೋರಿಸ್ತಿದಾರೆ ನೋಡಿಲ್ಲಿ."

"ನಾನು ಹುಡುಗ ಅಂತಿದಾರೆ."

"ಅನ್ಲಿ ಬಿಡೋ. ಹುಡುಗರಿಗೇನು ಕಮ್ಮಿ ನೀನು?"

ಅವಳು ಕೇಳಿದ್ದು ಅದನ್ನಲ್ಲ ಎಂದು ನನಗೆ ಅಲ್ಲಿಂದಲೇ ಗೊತ್ತಾಯಿತು, ಎದುರಿಗಿದ್ದವರಿಗೆ ಗೊತ್ತಾಗಲಿಲ್ಲ. ನಾನು ಕೆಳಗಿಳಿದು ಹೋಗಿ ಗಿರಾಕಿಗಳ ಮುಂದೆಯೇ ಜಗಳ ತೆಗೆದೆ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೆಯ ದಿನ ಮುಖ ಊದಿಸಿಕೊಂಡು ತೆಗೆದರು. "ಎಷ್ಟು ಜನ ನೋಡಿದ್ರು ಗೊತ್ತಾ, ಅನ್ಯಾಯ" ಎಂದು ಗೊಣಗಿದರು. ಅಷ್ಟು ಹೊತ್ತಿಗೆ ಯಾರು ಯಾರೋ ಅದನ್ನು ಇಳಿಸಿಕೊಂಡು, ಹಿಂದೆ ಒಂದು ಹಾಡು ಸೇರಿಸಿ, ತಮ್ಮ ತಮ್ಮ ಪೇಜಿನಲ್ಲಿ ಹಾಕಿಕೊಂಡಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಡುತ್ತೇನೆ, ಗಂಡನಿಗೆ ಅದನ್ನು ಯಾರು ವಿಸ್ತರಿಸಿ ಹೇಳುವುದು?

ಶಾಲೆಯಲ್ಲಿ ಅವಳಿಗೆ ಹೊಸ ಹೆಸರಾಯಿತು. ಕಾರಿಡಾರಿನಲ್ಲಿ 'ಏಳೋ ಮಗನೇ'. ಬಸ್ಸಿನಲ್ಲಿ 'ಏಳೋ ಮಗನೇ'. ಕ್ಲಾಸಿನಲ್ಲಿ ಟೀಚರ್ ಪ್ರಶ್ನೆ ಕೇಳಿ ಅವಳನ್ನು ನಿಲ್ಲಿಸಿದರೆ ಹಿಂದಿನ ಬೆಂಚಿನಿಂದ ಅದೇ, ಅಪ್ಪನ ದನಿಯಲ್ಲೇ, ಅಪ್ಪನ ರಾಗದಲ್ಲೇ. ಮಕ್ಕಳು ಅಣಕಿಸುವುದರಲ್ಲಿ ಎಷ್ಟು ಜಾಣರು ಎಂದು ಟೀಚರಾದ ನನಗೆ ಬೇರೆ ಯಾರೂ ಹೇಳಬೇಕಿಲ್ಲ. ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಟ್ಯಾಂಕಿನ ಹಿಂದೆ ಅತ್ತರೂ ಬಿಡದ ಮೇಲೆ ಅವಳು ನಮ್ಮ ಮುಂದೆ ಅಳುವುದನ್ನೇ ಬಿಟ್ಟಿದ್ದಳು. ಆಟ ಬಿಡುತ್ತಾಳೇನೋ ಎಂದು ಹೆದರಿದ್ದೆ, ಬಿಡಲಿಲ್ಲ. ಆದರೆ ಗ್ರೌಂಡಿಗೆ ಅಪ್ಪನ ಸ್ಕೂಟರಿನಲ್ಲಿ ಹೋಗುವುದನ್ನು ನಿಲ್ಲಿಸಿ ಬಸ್ಸು ಹತ್ತಿದಳು.

ಮುಂದಿನ ಟೂರ್ನಮೆಂಟಿನಲ್ಲಿ ಅವರು ಫೈನಲ್ಲಿಗೆ ಬಂದರು. ಇದರಲ್ಲಿ ಚೆನ್ನಾಗಿ ಆಡಿದವರನ್ನು ವಲಯದ ಟೀಮಿಗೆ ಆರಿಸುತ್ತಾರೆ ಎಂದು ಕೋಚ್ ಮೇಡಂ ಹೇಳಿದ್ದರು. ಮಗಳು ಎರಡು ವರ್ಷದಿಂದ ಕಾಯುತ್ತಿದ್ದದ್ದು ಅದಕ್ಕೇ. ನಾನು ರಜೆ ಹಾಕಿ ಹೋದೆ. ಗ್ರೌಂಡಿನಲ್ಲಿ ಎದುರು ಟೀಮಿನ ಹುಡುಗಿಯ ತಾಯಿ, ನೋಡಲು ಸಭ್ಯಸ್ಥೆ, ನನ್ನ ಪಕ್ಕ ಬಂದು ಕೂತು ಫೋನು ತೆರೆದಳು. "ಮೇಡಂ, ತಪ್ಪು ತಿಳ್ಕೋಬೇಡಿ. ಗ್ರೂಪಲ್ಲಿ ಎಲ್ರೂ ಕೇಳ್ತಿದಾರೆ ಅಂತ ಕೇಳ್ತಿದೀನಿ ಅಷ್ಟೇ. ನಿಮ್ಮ ಮಗು... ಗರ್ಲೇ ಅಲ್ವಾ?"

ಆ ತೆರೆದ ಫೋನಿನಲ್ಲಿ ನನ್ನ ಗಂಡನ ದನಿ ಸಣ್ಣಗೆ ಕೇಳುತ್ತಿತ್ತು. ಹನ್ನೆರಡು ವರ್ಷದ ಮಗುವಿನ ಬಗ್ಗೆ ಆ ಪ್ರಶ್ನೆಗೆ ಉತ್ತರ ಕೊಡುವ ಗತಿ ನನಗೆ ಬಂತು. "ಹೌದು, ನಾನೇ ಹೆತ್ತಿದ್ದು" ಎಂದೆ. ಅವಳು ಸಾರಿ ಎಂದಳು. ನಾನು ನೀರಿನ ಬಾಟಲಿ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತೆ.

ಖೋ ಖೋ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಹಿಡಿಯುವ ಟೀಮಿನವರು ಎರಡು ಕಂಬಗಳ ನಡುವೆ ಸಾಲಾಗಿ, ಒಬ್ಬರು ಆ ಕಡೆಗೆ ಒಬ್ಬರು ಈ ಕಡೆಗೆ ಮುಖ ಮಾಡಿ, ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಬ್ಬಳು ಮಾತ್ರ ಓಡುತ್ತಾಳೆ. ಅವಳು ಕೂತವಳ ಬೆನ್ನು ಮುಟ್ಟಿ 'ಖೋ' ಎಂದರೆ ಕೂತವಳು ಎದ್ದು ಓಡಬೇಕು, ಓಡುತ್ತಿದ್ದವಳು ಅಲ್ಲಿ ಕೂರಬೇಕು. ಖೋ ಬರುವ ಮುಂಚೆ ಎದ್ದರೆ ಫೌಲ್. ಬಂದ ಮೇಲೆ ಎದ್ದೇಳುವುದು ತಡವಾದರೆ ಎದುರಾಳಿ ಕೈಗೆ ಸಿಗುವುದಿಲ್ಲ. ಇಡೀ ಆಟ ಇರುವುದು ಬೆನ್ನ ಹಿಂದಿನಿಂದ ಬರುವ ಆ ಒಂದು ಅಕ್ಷರವನ್ನು ನಂಬುವುದರಲ್ಲಿ.

ನಮ್ಮವರು ಹಿಡಿಯುವ ಸರದಿ. ಗೆರೆಯಾಚೆ ಎದುರು ಶಾಲೆಯ ಮಕ್ಕಳ ಗುಂಪು. ಮಗಳು ಸಾಲಿನಲ್ಲಿ ಕೂತದ್ದೇ ತಡ, ಶುರುವಾಯಿತು. "ಏಳೋ ಮಗನೇ! ಏಳೋ!" ಮೊದಲ ಸಲ ಅವಳು ಬೆದರಿ ಅರ್ಧ ಎದ್ದುಬಿಟ್ಟಳು. ಖೋ ಬಂದಿರಲಿಲ್ಲ, ಬಂದದ್ದು ಬರಿಯ 'ಏಳೋ'. ಅಂಪೈರ್ ಸೀಟಿ ಊದಿದರು. ಗುಂಪು ಹೋ ಎಂದಿತು. ಅವಳು ಕೂತು, ತಲೆ ತಗ್ಗಿಸಿ, ಹಲ್ಲು ಕಚ್ಚಿದ್ದು ಇಷ್ಟು ದೂರಕ್ಕೂ ಕಾಣುತ್ತಿತ್ತು. ಇನ್ನು ಏನೇ ಕೇಳಿದರೂ ಏಳುವುದಿಲ್ಲ ಎಂದು ಕೂತ ಹಾಗಿತ್ತು.

ನನ್ನ ಗಂಡ ಎಲ್ಲಿದ್ದರು? ಇನ್ನೆಲ್ಲಿ, ಗೆರೆಯ ಪಕ್ಕದಲ್ಲಿ. ಕೋಚ್ ಮೇಡಂ, "ಸಾರ್, ಇವತ್ತೊಂದಿನ ಫೋನ್ ಒಳಗಿಡಿ, ಪ್ಲೀಸ್" ಎಂದು ಕೈ ಮುಗಿದೇ ಕೇಳಿದ್ದರು. "ಬರೀ ನಮಗೋಸ್ಕರ ಮೇಡಂ, ಹಾಕಲ್ಲ" ಎಂದು ಹೇಳಿ ತೆಗೆಯುತ್ತಲೇ ಇದ್ದರು.

ಕೊನೆಯ ಘಳಿಗೆ. ಎದುರು ಟೀಮಿನ ಕೊನೆಯ ಹುಡುಗಿ ದಣಿದು, ಎಡವಿ, ಸರಿಯಾಗಿ ನನ್ನ ಮಗಳ ಮುಂದೆ ಬಂದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಿಂದಿನಿಂದ ಗೆಳತಿ ಓಡಿ ಬಂದು ಬೆನ್ನು ಮುಟ್ಟಿ "ಖೋ" ಎಂದಳು. ಅದೇ ಕ್ಷಣಕ್ಕೆ ಗುಂಪು "ಏಳೋ ಮಗನೇ" ಎಂದು ಕಿರುಚಿತು, ಅದೇ ಕ್ಷಣಕ್ಕೆ ನನ್ನ ಗಂಡನೂ ತಡೆಯಲಾರದೆ "ಏಳೋ! ಏಳೋ ಮಗನೇ!" ಎಂದು ಜೀವ ಹೋಗುವ ಹಾಗೆ ಕೂಗಿದರು.

ಅವಳು ಏಳಲಿಲ್ಲ. ಗೆಳತಿ ಮತ್ತೆ ಖೋ ಎಂದು ಬೆನ್ನಿಗೆ ಬಲವಾಗಿ ಹೊಡೆದ ಮೇಲೆ ಎದ್ದಳು. ಅಷ್ಟರಲ್ಲಿ ಆ ಹುಡುಗಿ ಕಂಬ ಸುತ್ತಿ ಆಚೆ ಹೋಗಿದ್ದಳು. ಆಟ ಮುಗಿದ ಸೀಟಿ ಬಿತ್ತು, ನಮ್ಮವರು ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಲಯದ ಟೀಮಿಗೆ ಮಗಳ ಶಾಲೆಯಿಂದ ಇಬ್ಬರನ್ನು ಆರಿಸಿದರು, ಅವರಲ್ಲಿ ಇವಳಿರಲಿಲ್ಲ.

ಸ್ಕೂಟರಿನ ಹತ್ತಿರ ನಾವು ಮೂವರೂ ನಿಂತಿದ್ದೆವು. ಅವಳ ಮುಖದಲ್ಲಿ ಅಳು ಇರಲಿಲ್ಲ, ಏನೂ ಇರಲಿಲ್ಲ.

"ಖೋ ಕೊಟ್ಲಲ್ಲೋ ಅವಳು. ನಾನೂ ಕೂಗ್ದೆನಲ್ಲ, ಏಳೋ ಏಳೋ ಅಂತ. ಕೇಳಿಸ್ಲಿಲ್ವಾ?" ಎಂದರು ಅವಳ ಅಪ್ಪ.

"ಕೇಳಿಸ್ತು" ಎಂದಳು. "ನೀನು ಅಂತ ಗೊತ್ತಾಗ್ಲಿಲ್ಲಪ್ಪ. ಎಲ್ರೂ ನಿನ್ ತರಾನೇ ಕೂಗ್ತಾರೆ."

ನನ್ನ ಗಂಡ ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಲು ಹೋಗಿ, ಜೇಬು ಸಿಗದೆ, ಸ್ಕೂಟರಿನ ಡಿಕ್ಕಿಯಲ್ಲಿ ಹೆಲ್ಮೆಟ್ಟಿನ ಜಾಗದಲ್ಲಿ ಇಟ್ಟರು. ನಾನು ಮೂರು ವರ್ಷದಿಂದ ಕೂಡಿಟ್ಟುಕೊಂಡ ಮಾತೆಲ್ಲ ಅವತ್ತು ಹೇಳಬಹುದಿತ್ತು. ಹೇಳಿ ಏನು ಪ್ರಯೋಜನ? ಅವಳೇ ಹೇಳಿಯಾಗಿತ್ತು.

ಪೇಜು ಮುಚ್ಚಿದರು. ಅತ್ತೆ ಅವತ್ತು ಸಂಜೆ ಯಾರೂ ಕೇಳದೆಯೇ ಮೆಣಸಿನಕಾಯಿ ತಂದು ಎಲ್ಲರಿಗೂ ನಿವಾಳಿಸಿ ಒಲೆಗೆ ಹಾಕಿದರು, ಘಾಟಿಗೆ ಮೂವರೂ ಕೆಮ್ಮಿದೆವು. ನನ್ನ ಗಂಡ ಪ್ರಾಯಶ್ಚಿತ್ತ ಎಂಬಂತೆ ಮಗಳಿಗೆ ಇಷ್ಟವಾದ ಖಾಲಿ ದೋಸೆ ಕಟ್ಟಿಸಿಕೊಂಡು ಬಂದು, ಊಟದ ಮನೆಯಿಂದ ಮೊದಲಿನ ಹಾಗೆಯೇ ಕರೆದರು.

"ಬಾರೋ ಮಗನೇ, ಬಿಸಿ ಆರತ್ತೆ."

ಅವಳು ಬಂದು ಬಾಗಿಲಲ್ಲಿ ನಿಂತಳು. "ಅಪ್ಪ, ಇನ್ಮೇಲೆ ಹಂಗೆ ಕರೀಬೇಡ. ಬಾರೇ ಅನ್ನು."

"ಬಾರೇ ಅಂತ ಬೈಯೋವಾಗ ಅಲ್ವೇನೋ ಅನ್ನೋದು..." ಎಂದು ಶುರು ಮಾಡಿದವರು ಆ 'ಏನೋ'ದಲ್ಲಿಯೇ ಸಿಕ್ಕಿಬಿದ್ದು ನಿಂತರು. ಮಗಳು ಕಾದಳು. ಅವರು ಪ್ರಯತ್ನ ಪಟ್ಟರು, ನಾನು ನೋಡಿದೆ. ಆ ಮಾತು ಅವರ ಬಾಯಿಗೆ ಬರಲಿಲ್ಲ. ಮುದ್ದಿನ ಮಗಳನ್ನು ಬೈದ ಹಾಗೆ ಕರೆಯಲು ಅವರಿಗೆ ಆಗಲಿಲ್ಲ.

"ಬಾ" ಎಂದರು ಕೊನೆಗೆ. "ಬಾಮ್ಮ. ತಿನ್ನು."

ಅಂದಿನಿಂದ ನಮ್ಮ ಮನೆಯಲ್ಲಿ ಬರಿಯ 'ಬಾ'. ಗಂಡಿಗೂ ಹೆಣ್ಣಿಗೂ ಯಾರಿಗೂ ಸೇರದ 'ಬಾ'. ವ್ಯಾಕರಣದ ಪ್ರಕಾರ ತಪ್ಪೇನಿಲ್ಲ. ಅತ್ತೆ ಮಾತ್ರ, "ಇದೇನೋ, ಮಗೂನ ನೆಂಟರನ್ನ ಕರ್ದಂಗೆ ಕರೀತೀಯ" ಎಂದು ಒಂದು ದಿನ ಹೇಳಿದರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೆಡಲು ಹೋದರೆ ಇನ್ನೊಂದು ಬಂದೀತು. ಮನೆಯೊಳಗಿನ ಮಾತನ್ನು ಊರಿಗೆ ಹಂಚಿ, ಊರು ಅದನ್ನು ಅಗಿದು ಉಗಿದ ಮೇಲೆ, ತಿರುಗಿ ತಂದು ಮಗುವಿನ ತಟ್ಟೆಗೆ ಹೇಗೆ ಬಡಿಸುವುದು?

ಮಗಳು ಈಗ ಎಂಟನೇ ಕ್ಲಾಸು. ಆಡುತ್ತಿದ್ದಾಳೆ. ಕೂದಲು ಮತ್ತೆ ಭುಜಕ್ಕೆ ಬಂದಿದೆ, ಕತ್ತರಿಸಲು ಒಪ್ಪುವುದಿಲ್ಲ.

ಕಳೆದ ಭಾನುವಾರ ಬೆಳಗ್ಗೆ ಅವಳು ಅಡುಗೆಮನೆಯಲ್ಲಿ ನನ್ನ ಜೊತೆ ಅವರೆಕಾಯಿ ಬಿಡಿಸುತ್ತಿದ್ದಳು. ಕೆಳಗೆ ಶಟರ್ ಎತ್ತಿದ ಸದ್ದಾಯಿತು. ಹಿಂದೆಯೇ, ಎಷ್ಟೋ ತಿಂಗಳಿಂದ ಮನೆಯಲ್ಲಿ ಕೇಳದ ಆ ದನಿ, ಅದೇ ರಾಗದಲ್ಲಿ ಬಂತು.

"ಬಾರೋ ಮಗನೇ, ಬಾರೋ!"

"ಬಂದೇ ಅಪ್ಪಾ!" ಎಂದು ಇವಳು ಎದ್ದೇಬಿಟ್ಟಳು. ಮಡಿಲಲ್ಲಿದ್ದ ಕಾಯೆಲ್ಲ ನೆಲಕ್ಕೆ ಚೆಲ್ಲಿತು. ಮೆಟ್ಟಿಲು ದಡದಡ ಇಳಿದಳು. ನಾನೂ ಹಿಂದೆ ಹೋದೆ.

ನನ್ನ ಗಂಡ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಬ್ರೆಡ್ಡು, ಮುಂದೆ ಕಂದು ನಾಯಿ. ಕೊನೆಯ ಮೆಟ್ಟಿಲಲ್ಲಿ ನಿಂತ ಮಗಳನ್ನು ನೋಡಿ ಅವರ ಕೈ ಅಲ್ಲಿಯೇ ನಿಂತಿತು.

"ನಿನ್ನಲ್ಲಮ್ಮ" ಎಂದರು ಮೆಲ್ಲಗೆ. "ನಾಯೀನ ಕರ್ದೆ."

"ಗೊತ್ತು" ಎಂದು ಹೇಳಿ ಅವಳು ಮೇಲೆ ಹೋದಳು.